ಕಂಪ್ಯೂಟರ್ ಮಾರ್ಕ್ಸ್ ಹಾಕಿದರೆ ಪಕ್ಷಪಾತ ಇರಲ್ಲ ಅಲ್ವಾ?

ಚಿಂತಾಮಣಿಯ ಓದುಗರೊಬ್ಬರು ಕೇಳಿದ್ದಾರೆ: "ಮೇಷ್ಟ್ರಿಗೆ ಬೇಕಾದವರು, ಆಗದವರು ಅಂತ ಇರುತ್ತಾರೆ. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ಮಾರ್ಕ್ಸ್ ಹಾಕೋದನ್ನ ಅದಕ್ಕೇ ಬಿಟ್ಟರೆ ಒಳ್ಳೇದಲ್ವಾ?"

ಇಲ್ಲ ಸರ್. ಊರು ಅದಕ್ಕೆ ಚೆನ್ನಾಗೇ ಗೊತ್ತಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನ ಎ-ಲೆವೆಲ್ ಪರೀಕ್ಷೆ ರದ್ದಾಯಿತು. ನಮ್ಮ ಸೆಕೆಂಡ್ ಪಿಯುಸಿ ಇದ್ದ ಹಾಗೆ ಅದು, ಯೂನಿವರ್ಸಿಟಿ ಸೀಟು ಅದರ ಮೇಲೇ ನಿಂತಿರುತ್ತದೆ. ಶಿಕ್ಷಕರು ಒಂದೊಂದು ವಿಷಯಕ್ಕೂ ಮಕ್ಕಳಿಗೆ ಗ್ರೇಡ್ ಅಂದಾಜು ಮಾಡಿ, ರ್‍ಯಾಂಕ್ ಪ್ರಕಾರ ಪಟ್ಟಿಯನ್ನೂ ಕೊಟ್ಟರು. ಆಫ್‌ಕ್ವಾಲ್ ಎಂಬ ನಿಯಂತ್ರಣ ಸಂಸ್ಥೆಯ ಸೂತ್ರ ಮುಖ್ಯವಾಗಿ ಆ ಶಾಲೆಯ ಹಿಂದಿನ ಮೂರು ವರ್ಷಗಳ ಫಲಿತಾಂಶ ನೋಡಿ, ಅದೇ ಲೆಕ್ಕದಲ್ಲಿ ಈ ಪಟ್ಟಿಗೆ ಗ್ರೇಡ್ ಹಂಚಿತು. ಶಿಕ್ಷಕರು ಕೊಟ್ಟ ಗ್ರೇಡುಗಳಲ್ಲಿ ಸುಮಾರು ಶೇ 40ರಷ್ಟು ಕೆಳಗಿಳಿದವು.

ಇದನ್ನು ಬಾಗೇಪಲ್ಲಿ ಕಡೆಯ ಒಂದು ಸರ್ಕಾರಿ ಕಾಲೇಜಿಗೆ ಹಾಕಿ ನೋಡಿ. ಮೂರು ವರ್ಷದಿಂದ ಅಲ್ಲಿ ಗಣಿತದಲ್ಲಿ ಯಾರೂ 80 ದಾಟಿಲ್ಲ ಅಂದುಕೊಳ್ಳಿ. ಈ ಸಲ ಒಬ್ಬ ಹುಡುಗಿ ಇದ್ದಾಳೆ, ಲೆಕ್ಚರರ್ ಬೋರ್ಡ್ ಮೇಲೆ ಲೆಕ್ಕ ಬರೆದು ಮುಗಿಸೋದರೊಳಗೆ ಉತ್ತರ ಹೇಳಿಬಿಡುತ್ತಾಳೆ, 98 ತೆಗೆಯುವಂಥವಳು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಆದರೂ ಸಿಗೋದು 80ರ ಆಸುಪಾಸು, ಯಾಕಂದ್ರೆ ಅದಕ್ಕಿಂತ ಮೇಲಿನದು ಆ ಕಾಲೇಜಿನ ಪಾಲಿಗೆ ಬಂದೇ ಇಲ್ಲ. ಜಾತಿ, ವರಮಾನ ಅಂತ ಕಾಲಂ ಬೇಕಾಗೇ ಇಲ್ಲ, ಕಾಲೇಜಿನ ಹೆಸರೊಂದೇ ಸಾಕು.

ಇನ್ನು ಒಂದು ವಿಷಯಕ್ಕೆ ಐದೋ ಅದಕ್ಕಿಂತ ಕಡಿಮೆಯೋ ಮಕ್ಕಳಿದ್ದ ಕಡೆ ಶಿಕ್ಷಕರ ಅಂದಾಜನ್ನೇ ಒಪ್ಪಿಕೊಂಡರು. ಅಂಥ ಸಣ್ಣ ತರಗತಿ ಜಾಸ್ತಿ ಇರೋದು ಫೀಸು ಕಟ್ಟಿ ಓದುವ ಖಾಸಗಿ ಶಾಲೆಗಳಲ್ಲಿ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಮಕ್ಕಳು ಬೀದಿಗಿಳಿದರು. ಆಗಸ್ಟ್ 13ಕ್ಕೆ ಬಂದ ಫಲಿತಾಂಶದಿಂದ ಆಗಸ್ಟ್ 17ಕ್ಕೇ ಸರ್ಕಾರ ಹಿಂದೆ ಸರಿದು, ಶಿಕ್ಷಕರ ಗ್ರೇಡನ್ನೇ ಒಪ್ಪಿತು.

2021ರಲ್ಲಿ ನಮ್ಮಲ್ಲೂ ಸೆಕೆಂಡ್ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ 45, ಫಸ್ಟ್ ಪಿಯುಸಿಗೆ 45, ಇಂಟರ್ನಲ್‌ಗೆ 10 ಅಂತ ಲೆಕ್ಕ ಹಾಕಿದರು. ಅದರಲ್ಲೂ ಕೊರತೆ ಇತ್ತು, ಆದರೆ ಎಣಿಸಿದ್ದು ಆ ವಿದ್ಯಾರ್ಥಿಯದೇ ಅಂಕ, ಒಪ್ಪದವರು ಪರೀಕ್ಷೆ ಬರೆಯಬಹುದಿತ್ತು.

ಮೇಷ್ಟ್ರ ಪಕ್ಷಪಾತ ಸುಳ್ಳು ಅಂತ ನಾನು ಹೇಳಲ್ಲ. ಬೋರ್ಡ್ ಪರೀಕ್ಷೆಯಲ್ಲಾದರೆ ಉತ್ತರಪತ್ರಿಕೆಯ ನಕಲು ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬಹುದು. ಇಂಥ ಸೂತ್ರದಲ್ಲಿ ಉತ್ತರಪತ್ರಿಕೆಯೇ ಇರಲ್ಲ, ಯಾವುದರ ನಕಲು ಕೇಳೋದು? ಹಾಗಾಗಿ ನಿಮ್ಮ ಕಾಲೇಜಿಗೆ ಇಂಥದ್ದೇನಾದರೂ ಬರುತ್ತೆ ಅಂದರೆ ಪೋಷಕರೆಲ್ಲ ಸೇರಿ ಮೊದಲೇ ಕೇಳಿ: ಯಾರ ಹಳೇ ಅಂಕ ನೋಡಿ ಇದು ಲೆಕ್ಕ ಹಾಕುತ್ತೆ, ತಪ್ಪಾದರೆ ಯಾರ ಹತ್ತಿರ ಹೋಗಬೇಕು, ಅಷ್ಟರಲ್ಲಿ ಮಗುವಿನ ಸೀಟು ಹೋದರೆ ಯಾರು ಹೊಣೆ?