ಖುಲಾಸೆ ಆದೇಶ ಹಿಡಿದು ಸಿವಿಲ್ ಕೋರ್ಟಿಗೆ ಬರುವವರಿಗೆ

ಕ್ರಿಮಿನಲ್ ಪ್ರಕರಣದಲ್ಲಿ ಖುಲಾಸೆಯಾದವರು ಆದೇಶದ ದೃಢೀಕೃತ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ಕೋರ್ಟೇ ನನ್ನನ್ನು ಬಿಟ್ಟಮೇಲೆ ಸಿವಿಲ್ ದಾವೆ ಹೇಗೆ ನಿಲ್ಲುತ್ತದೆ ಸಾರ್?" ಎಂದು ಕೇಳದ ತಿಂಗಳಿಲ್ಲ. ದಾವೆ ನಿಲ್ಲುತ್ತದೆ, ಎಷ್ಟೋ ಸಲ ಎದುರಾಳಿ ಗೆಲ್ಲುವುದೂ ಉಂಟು.

ಕ್ರಿಮಿನಲ್ ವಿಚಾರಣೆಯಲ್ಲಿ ರುಜುವಾತಿನ ಹೊಣೆ ಪ್ರಾಸಿಕ್ಯೂಷನ್ ಮೇಲಿರುತ್ತದೆ, ಅದೂ ಸಮಂಜಸ ಸಂದೇಹಕ್ಕೆ ಎಡೆಯಿಲ್ಲದಷ್ಟು ಗಟ್ಟಿಯಾಗಿ ರುಜುವಾತುಪಡಿಸುವ ಹೊಣೆ. ಆರೋಪಿಯ ಸ್ವಾತಂತ್ರ್ಯವೇ ಪಣಕ್ಕಿರುವುದರಿಂದ, ಸಾಕ್ಷ್ಯದಿಂದ ಎರಡು ಅಭಿಪ್ರಾಯಗಳು ಸಮಂಜಸವಾಗಿ ಸಾಧ್ಯವಿದ್ದರೆ ನ್ಯಾಯಾಲಯ ಆತನಿಗೆ ಅನುಕೂಲವಾದದ್ದನ್ನೇ ಒಪ್ಪಬೇಕು. ಸಿವಿಲ್ ದಾವೆಯಲ್ಲಿ ಯಾವ ಸಂಗತಿಯನ್ನು ಯಾರು ಪ್ರತಿಪಾದಿಸುತ್ತಾರೋ ಅವರೇ ಅದನ್ನು ರುಜುವಾತುಪಡಿಸಬೇಕು, ಆದರೆ ಅದು ನಡೆದಿರುವ ಸಂಭವವೇ ಹೆಚ್ಚೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಸಾಕು. ಇದನ್ನು ನೂರಕ್ಕೆ ಐವತ್ತೊಂದು ಎಂದು ಲೆಕ್ಕ ಹಾಕಿ ಹೇಳುವವರಿದ್ದಾರೆ. ಯಾವ ನ್ಯಾಯಾಧೀಶರೂ ಹಾಗೆ ಎಣಿಸುವುದಿಲ್ಲ. ವಂಚನೆಯಂಥ ಗಂಭೀರ ಆಪಾದನೆಯಿದ್ದರೆ ಸಿವಿಲ್ ನ್ಯಾಯಾಲಯವೂ ಸಾಕ್ಷ್ಯವನ್ನು ಹೆಚ್ಚು ಎಚ್ಚರಿಕೆಯಿಂದಲೇ ನೋಡುತ್ತದೆ. ವಿಚಿತ್ರವೆಂದರೆ 1872ರ ಸಾಕ್ಷ್ಯ ಅಧಿನಿಯಮವಾಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವಾಗಲಿ ಈ ಎರಡು ಅಳತೆಗಳನ್ನು ಬಿಡಿಸಿ ಹೇಳಿಲ್ಲ. ಸಂಗತಿಯೊಂದು ರುಜುವಾತಾಯಿತೆನ್ನಲು ಎರಡರಲ್ಲೂ ಇರುವುದು ವಿವೇಕಿ ಮನುಷ್ಯ ಅದನ್ನು ನಂಬಿ ನಡೆಯುವನೇ ಎಂಬ ಒಂದೇ ವ್ಯಾಖ್ಯೆ. ಅಳತೆಯ ಭೇದವನ್ನು ಬೆಳೆಸಿದ್ದು ತೀರ್ಪುಗಳು.

ಆದ್ದರಿಂದ ಖುಲಾಸೆ ಎಂದರೆ ಪ್ರಾಸಿಕ್ಯೂಷನ್ ಆ ಎತ್ತರವನ್ನು ಮುಟ್ಟಲಿಲ್ಲ ಎಂದಷ್ಟೇ ಅರ್ಥ. ಘಟನೆಯೇ ನಡೆದಿಲ್ಲವೆಂದು ಕ್ರಿಮಿನಲ್ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದ ತೀರ್ಪುಗಳೂ ಇವೆ, ಆದರೆ ಅವು ವಿರಳ. ಮತ್ತು ಆ ಮಾತು ಕೂಡ ಸಿವಿಲ್ ನ್ಯಾಯಾಲಯವನ್ನು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಒಂದು ಕಡೆಯ ತೀರ್ಮಾನ ಇನ್ನೊಂದು ಕಡೆಗೆ ಬಂಧನಕಾರಿಯಲ್ಲ, ಆಯಾ ಪ್ರಕರಣ ಅಲ್ಲಲ್ಲಿನ ಸಾಕ್ಷ್ಯದ ಮೇಲೆಯೇ ನಿರ್ಣಯವಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2005ರಲ್ಲಿ ಹೇಳಿದೆ.

ಲಾರಿ ಮಾಲೀಕರೊಬ್ಬರು ಚಾಲಕನ ಖುಲಾಸೆ ಆದೇಶವನ್ನು ಲ್ಯಾಮಿನೇಟ್ ಮಾಡಿಸಿಕೊಂಡೇ ಬಂದಿದ್ದರು. ಅಪಘಾತದಲ್ಲಿ ಬೈಕ್ ಸವಾರ ಸತ್ತಿದ್ದ, ಲಾರಿಯ ವಿಮೆ ಮುಗಿದಿತ್ತು, ಪರಿಹಾರ ಕೊಡಬೇಕಾಗಿ ಬಂದರೆ ಇವರೇ ಕೈಯಿಂದ ಕಟ್ಟಬೇಕಿತ್ತು. ಹಾಳೆ ತಿರುವಿದರೆ, ಕಣ್ಣಾರೆ ಕಂಡವರಿಬ್ಬರೂ ಪ್ರಾಸಿಕ್ಯೂಷನ್‌ಗೆ ತಿರುಗಿಬಿದ್ದಿದ್ದರು. ಆದೇಶದ ಕೊನೆಯಲ್ಲಿ ಸಂಶಯದ ಲಾಭ ಎಂಬ ಮಾತು. ಪರಿಹಾರ ನ್ಯಾಯಮಂಡಳಿಯ ಮುಂದೆ ಸ್ಥಳ ಮಹಜರು, ಲಾರಿ ರಸ್ತೆಯ ಬಲಬದಿಗೆ ಹೋಗಿದ್ದನ್ನು ತೋರಿಸುವ ನಕ್ಷೆ, ವಾಹನ ನಿರೀಕ್ಷಕರ ವರದಿ ಎಲ್ಲವೂ ಇದ್ದವು. ಚಾಲಕನನ್ನು ಸಾಕ್ಷಿಕಟ್ಟೆಗೆ ಹತ್ತಿಸೋಣವೆಂದರೆ ಯಜಮಾನರು ಒಪ್ಪಲಿಲ್ಲ: "ಅವನದು ಮುಗಿದು ಹೋಯ್ತಲ್ಲ ಸಾರ್, ಮತ್ತೆ ಯಾಕೆ ಎಳೀಬೇಕು?" ಸತ್ತವನ ಮನೆಯವರ ಬಗ್ಗೆ ಮರುಗುತ್ತಿದ್ದ ಒಳ್ಳೆಯ ಮನುಷ್ಯ, ಆದರೆ ಆ ಪ್ಲಾಸ್ಟಿಕ್ ಹಾಳೆಯ ಮೇಲಿನ ನಂಬಿಕೆ ಮಾತ್ರ ಕದಲಲಿಲ್ಲ. ಘಟನೆಯನ್ನು ಬಲ್ಲ ಚಾಲಕನೇ ಬಾಯಿಬಿಡದಿದ್ದುದನ್ನು ನ್ಯಾಯಮಂಡಳಿ ಅವರ ವಿರುದ್ಧವೇ ತೆಗೆದುಕೊಂಡಿತು.

ಇದಕ್ಕೆ ತಿರುಗುಮುರುಗಾದ ಗೊಂದಲ ಚೆಕ್ ಅಮಾನ್ಯ ಪ್ರಕರಣಗಳಲ್ಲಿದೆ. ಅದು ಕ್ರಿಮಿನಲ್ ವಿಚಾರಣೆಯೇ ಆದರೂ ಸಹಿ ಒಪ್ಪಿಕೊಂಡಮೇಲೆ ಸಾಲವಿತ್ತೆಂದೇ ಕಾನೂನು ಭಾವಿಸುತ್ತದೆ. ಬಾಯಿ ಮುಚ್ಚಿಕೊಂಡು ಕುಳಿತ ಆರೋಪಿ ಸೋಲುತ್ತಾನೆ. ಆದರೆ ಆ ಭಾವನೆಯನ್ನು ಅಲ್ಲಗಳೆಯಲು ಆತನಿಗೆ ಸಂಭವನೀಯತೆಯ ಅಳತೆ ಸಾಕು, ಫಿರ್ಯಾದಿಯ ಪಾಟೀಸವಾಲಿನಿಂದಲೂ ಅದನ್ನು ಸಾಧಿಸಬಹುದು ಎಂಬುದನ್ನು ಕರ್ನಾಟಕದಿಂದಲೇ ಹೋದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ.

ಪ್ರತಿ ಪ್ರಕರಣದ ಸಂಗತಿಗಳು ಬೇರೆಯಾದ್ದರಿಂದ ಇದನ್ನು ಓದಿ ಯಾರೂ ತಮ್ಮ ಕೇಸನ್ನು ತಾವೇ ತೀರ್ಮಾನಿಸಿಕೊಳ್ಳಬಾರದು. ಆದರೆ ಸಿವಿಲ್ ಸಮನ್ಸ್ ಕೈಸೇರಿದ ದಿನದಿಂದ ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ಪ್ರತಿವಾದಿ ಬರೆದು ಕೊಡುವ ಉತ್ತರಕ್ಕೆ, ಇರುವುದು 30 ದಿನ, ನ್ಯಾಯಾಲಯ ಕಾರಣ ಒಪ್ಪಿದರೆ 90. ಕ್ರಿಮಿನಲ್ ಕೇಸು ಮುಗಿಯಲಿ, ಆಮೇಲೆ ನೋಡೋಣ ಎಂದು ಕಾಯುವವರಿಗಾಗಿ ಆ ಅವಧಿ ತಾನಾಗಿ ನಿಲ್ಲುವುದಿಲ್ಲ.