ತತ್ವಶಾಸ್ತ್ರವೂ ವಿಜ್ಞಾನವೂ ನಿಜಕ್ಕೂ ಬೇರೆಯಾದವೇ?

ತತ್ವಶಾಸ್ತ್ರದ ಮಡಿಲಲ್ಲಿ ಬೆಳೆದ ವಿಜ್ಞಾನ ವಯಸ್ಸಿಗೆ ಬಂದ ಮೇಲೆ ತಾಯಿಯ ಮನೆ ಬಿಟ್ಟು ಹೊರಟಿತು ಎಂಬ ಮಾತು ಪಠ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರಪತ್ರಿಕೆಗೆ ಅಷ್ಟು ಸಾಕಾಗಬಹುದು, ವಿಷಯ ತಿಳಿಯಲು ಸಾಲದು. ಮನೆ ಬಿಟ್ಟದ್ದು ಯಾವಾಗ ಎಂದು ಕೇಳಿದರೆ ಒಂದು ಇಸವಿ ಹೇಳುವುದೇ ಕಷ್ಟ. ನ್ಯೂಟನ್ ಚಲನೆಯ ನಿಯಮಗಳನ್ನು ಮಂಡಿಸಿದ 1687ರ ಗ್ರಂಥವೂ ಶೀರ್ಷಿಕೆಯಲ್ಲೇ ತನ್ನನ್ನು ನೈಸರ್ಗಿಕ ತತ್ವಶಾಸ್ತ್ರವೆಂದು ಕರೆದುಕೊಂಡಿದೆ.

ಗೆಲಿಲಿಯೊನನ್ನೇ ನೋಡಿ. ಗೋಪುರದಿಂದ ಗುಂಡು ಬೀಳಿಸಿದ ಕತೆ ಎಲ್ಲರಿಗೂ ಗೊತ್ತು. ಆದರೆ 1638ರ ತನ್ನ ಪುಸ್ತಕದಲ್ಲಿ ಅವನು ಅರಿಸ್ಟಾಟಲನನ್ನು ಮೊದಲು ಎದುರಿಸುವುದು ಬರಿಯ ತರ್ಕದಿಂದ. ಭಾರವಾದ ಕಲ್ಲು ಬೇಗ ಬೀಳುತ್ತದೆ, ಹಗುರವಾದದ್ದು ನಿಧಾನವಾಗಿ ಎನ್ನುವುದಾದರೆ ಎರಡನ್ನೂ ಒಟ್ಟಿಗೆ ಕಟ್ಟಿದಾಗ ಏನಾಗಬೇಕು? ಹಗುರವಾದದ್ದು ಭಾರದ ಕಲ್ಲನ್ನು ತಡೆಯುವುದರಿಂದ ವೇಗ ತಗ್ಗಬೇಕು. ಆದರೆ ಎರಡೂ ಸೇರಿ ತೂಕ ಹೆಚ್ಚಿದ್ದರಿಂದ ವೇಗ ಏರಲೂ ಬೇಕು. ಎರಡೂ ಒಟ್ಟಿಗೆ ನಿಜವಾಗಲಾರವು. ಇಲ್ಲಿಗೆ ತರ್ಕದ ಕೆಲಸ ಮುಗಿಯಿತು. ಬೀಳುವ ವಸ್ತು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗುತ್ತದೆ ಎಂದು ತರ್ಕ ಹೇಳಲಾರದು. ಅದಕ್ಕಾಗಿ ಅದೇ ಗೆಲಿಲಿಯೊ ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ, ಹರಿದ ನೀರನ್ನು ತೂಗಿ ಕಾಲ ಅಳೆದ.

ಹೀಗೆ ಅಳೆದು ನಿಯಮ ಕಂಡುಕೊಂಡೆವು ಎನ್ನೋಣ. ಇದುವರೆಗೆ ನಡೆದದ್ದು ನಾಳೆಯೂ ಹಾಗೆಯೇ ನಡೆಯುತ್ತದೆ ಎನ್ನಲು ಆಧಾರವೇನು? 18ನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಎತ್ತಿದ ಈ ತೊಡಕೇ ಅನುಗಮನದ ಸಮಸ್ಯೆ. ಅವನಿಗಿಂತ ಬಹಳ ಹಿಂದೆ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬಿದ ಭಾರತದ ಚಾರ್ವಾಕರು ಅನುಮಾನ ಪ್ರಮಾಣವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದನ್ನು, ತಡೆದದ್ದೂ ಇಂಥದೇ ಜಾಗದಲ್ಲಿ: ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿಯನ್ನು (ತಪ್ಪದ ಸಂಬಂಧವನ್ನು) ಎಲ್ಲ ದೇಶ, ಎಲ್ಲ ಕಾಲಗಳಲ್ಲೂ ಕಂಡವರು ಯಾರು? ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದ ನೈಯಾಯಿಕರು ಇದಕ್ಕೆ ಉತ್ತರ ಕಟ್ಟುತ್ತ ಶತಮಾನಗಳನ್ನೇ ಕಳೆದರು.

ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1934ರಲ್ಲಿ ಬೇರೊಂದು ದಾರಿ ಹಿಡಿದ. ಸಿದ್ಧಾಂತವನ್ನು ನಿಜವೆಂದು ಸಾಧಿಸಲಾಗದಿದ್ದರೇನು, ಸುಳ್ಳೆಂದು ತೋರಿಸಬಹುದಲ್ಲ? ತಾನು ಸುಳ್ಳಾಗಬಹುದಾದ ಸಂದರ್ಭವನ್ನು ಮೊದಲೇ ಹೇಳುವುದು ವಿಜ್ಞಾನದ ಲಕ್ಷಣ ಎಂಬುದು ಅವನ ವಾದ. ವಿದ್ಯಾರ್ಥಿಗಳು ಇದನ್ನು ಕಂಠಪಾಠ ಮಾಡಿ ನಿಲ್ಲಿಸಿಬಿಡುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಅದರ ಮುಂದೆ.

ಯುರೇನಸ್ ಗ್ರಹದ ಚಲನೆ ನ್ಯೂಟನ್ನನ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಹಾಗೆಂದು ಖಗೋಳಶಾಸ್ತ್ರಜ್ಞರು ನ್ಯೂಟನ್ನನನ್ನು ಕೈಬಿಡಲಿಲ್ಲ. ಕಾಣದ ಗ್ರಹವೊಂದು ಅದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಲೆವೆರಿಯೆ ಲೆಕ್ಕ ಹಾಕಿದ. 1846ರಲ್ಲಿ ಬರ್ಲಿನ್ ವೀಕ್ಷಣಾಲಯದಲ್ಲಿ ದೂರದರ್ಶಕ ತಿರುಗಿಸಿದಾಗ ಅವನು ಹೇಳಿದ ಜಾಗದ ಹತ್ತಿರವೇ ನೆಪ್ಚೂನ್ ಸಿಕ್ಕಿತು. ಬುಧ ಗ್ರಹದ ಕಕ್ಷೆಯಲ್ಲೂ ಲೆಕ್ಕಕ್ಕೆ ಸಿಗದ ಸಣ್ಣ ಸರಿತವಿತ್ತು, ಅಂದರೆ ಕಕ್ಷೆಯೇ ನಿಧಾನವಾಗಿ ತಿರುಗುತ್ತಿತ್ತು. ಈಗಿನ ಅಳತೆಯಲ್ಲಿ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ). ಲೆವೆರಿಯೆ ಅಲ್ಲಿಗೂ ಅದೇ ಮದ್ದು ಸೂಚಿಸಿದ: ಸೂರ್ಯನ ಸಮೀಪದಲ್ಲಿ ಕಾಣದ ಇನ್ನೊಂದು ಗ್ರಹ, ಹೆಸರು ವಲ್ಕನ್. ಅದು ಎಂದೂ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್‌ನ ಸಾಮಾನ್ಯ ಸಾಪೇಕ್ಷತೆ ಆ ಸರಿತವನ್ನು ವಿವರಿಸಿದಾಗ ಬದಲಾಗಬೇಕಿದ್ದದ್ದು ಗುರುತ್ವದ ಸಿದ್ಧಾಂತವೇ ಎಂದು ತಿಳಿಯಿತು. ಒಂದೇ ಜಾಣ್ಮೆ ಒಮ್ಮೆ ಗೆದ್ದಿತು, ಒಮ್ಮೆ ಸೋತಿತು. ಹೊಂದದ ವೀಕ್ಷಣೆ ಎದುರಾದಾಗ ಸಿದ್ಧಾಂತವನ್ನು ಬಿಡಬೇಕೋ, ಇನ್ನಷ್ಟು ಹುಡುಕಬೇಕೋ ಎಂದು ಹೇಳುವ ಸೂತ್ರ ಪಾಪರ್‌ನಲ್ಲೂ ಸಿಗುವುದಿಲ್ಲ. ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ 1962ರಲ್ಲಿ ಹಿಡಿದದ್ದು ಈ ಎಳೆಯನ್ನೇ: ಬದಲಿ ಚೌಕಟ್ಟು ಕೈಗೆ ಬರುವವರೆಗೆ ವಿಜ್ಞಾನಿಗಳು ಹಳೆಯದನ್ನು ಬಿಡುವುದಿಲ್ಲ.

ಇವೆಲ್ಲ ವಿಜ್ಞಾನದ ಬಗ್ಗೆ ಹೊರಗಿನಿಂದ ಆಡುವ ಮಾತು, ವಿಜ್ಞಾನಿಗೆ ಇದರಿಂದ ಏನು ಲಾಭ ಎನ್ನುವವರಿಗೆ 1935ರ ಪ್ರಬಂಧವೊಂದನ್ನು ತೋರಿಸಬೇಕು. ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸನ್ ಮೂವರೂ ಸೇರಿ, ಪರಮಾಣುಗಳಷ್ಟು ಸಣ್ಣ ಜಗತ್ತನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತ ವಾಸ್ತವದ ಪೂರ್ಣ ಚಿತ್ರವಲ್ಲ ಎಂದು ವಾದಿಸಿದರು. ಅದೇ ವರ್ಷ ಆ ಸಿದ್ಧಾಂತದ ಪರವಾಗಿ ಭೌತವಿಜ್ಞಾನಿ ಬೋರ್ ಉತ್ತರ ಕೊಟ್ಟ. ಬಹಳ ಮಂದಿ ಭೌತವಿಜ್ಞಾನಿಗಳು ಇದನ್ನು ತತ್ವಜ್ಞಾನದ ಹರಟೆಯೆಂದು ಪಕ್ಕಕ್ಕಿಟ್ಟರು. 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಆ ಹರಟೆಯಿಂದ ಅಳೆದು ನೋಡಬಹುದಾದ ಒಂದು ಅಸಮತೆಯನ್ನು, ಅಂದರೆ ಅಳತೆಗಳು ಇಂಥ ಮಿತಿ ಮೀರಬಾರದೆನ್ನುವ ಗಣಿತದ ಷರತ್ತನ್ನು, ಹೊರತೆಗೆದ. 1970ರ ದಶಕದಿಂದ ನಡೆದ ಪ್ರಯೋಗಗಳ ಫಲಿತಾಂಶ ಕ್ವಾಂಟಮ್ ಸಿದ್ಧಾಂತದ ಕಡೆಗೇ ವಾಲಿತು, ಐನ್‌ಸ್ಟೈನ್ ಬಯಸಿದ ಕಡೆಗಲ್ಲ. ಆ ಕೆಲಸಕ್ಕೆ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು.

ಸ್ಟೀಫನ್ ಹಾಕಿಂಗ್ ಮತ್ತು ಲಿಯೊನಾರ್ಡ್ ಮ್ಲೊಡಿನೊವ್ 2010ರ ಪುಸ್ತಕವೊಂದರಲ್ಲಿ ತತ್ವಶಾಸ್ತ್ರ ಸತ್ತಿದೆ ಎಂದು ಸಾರಿದರು. ತಮಾಷೆಯೆಂದರೆ, ನಮ್ಮ ಮಾದರಿಗಳನ್ನು ಬಿಟ್ಟು ವಾಸ್ತವದ ಬಗ್ಗೆ ಮಾತನಾಡಲಾಗದು ಎಂಬ ನಿಲುವನ್ನು ಅದೇ ಪುಸ್ತಕ ಪ್ರತಿಪಾದಿಸುತ್ತದೆ. ಇದಕ್ಕಿಂತ ಶುದ್ಧ ತತ್ವಶಾಸ್ತ್ರ ಬೇರೆ ಯಾವುದು? ಐದು ವರ್ಷಗಳ ಬಳಿಕ, 2015ರ ಡಿಸೆಂಬರ್‌ನಲ್ಲಿ, ಮ್ಯೂನಿಕ್‌ನಲ್ಲಿ ಭೌತವಿಜ್ಞಾನಿಗಳೂ ತತ್ವಶಾಸ್ತ್ರಜ್ಞರೂ ಒಂದೇ ಸಭೆಯಲ್ಲಿ ಕುಳಿತರು. ಕಣಗಳೆಲ್ಲ ಅತಿಸಣ್ಣ ತಂತಿಗಳ ಕಂಪನ ಎನ್ನುವ, ಪ್ರಯೋಗಕ್ಕೆ ಸಿಗದ ಸ್ಟ್ರಿಂಗ್ ಸಿದ್ಧಾಂತವನ್ನು ಬೇರೆ ಆಧಾರಗಳ ಮೇಲೆ ನಂಬಬಹುದೇ ಎಂಬುದು ಅಲ್ಲಿ ಚರ್ಚೆಗೆ ಬಂದ ಪ್ರಶ್ನೆ. ನಂಬಲು ಕಾರಣಗಳಿವೆ ಎಂದ ರಿಚರ್ಡ್ ದಾವಿದ್ ಭೌತವಿಜ್ಞಾನ ಕಲಿತು ತತ್ವಶಾಸ್ತ್ರಕ್ಕೆ ಬಂದವರು. ಪ್ರಯೋಗದ ಒರೆಗಲ್ಲನ್ನು ಸಡಿಲಿಸಬೇಡಿ ಎಂದು ಪಾಪರ್‌ನ ಪಕ್ಷ ಹಿಡಿದ ಜಾರ್ಜ್ ಎಲ್ಲಿಸ್ ವಿಶ್ವವಿಜ್ಞಾನಿ.