ಮಂಚ ಉಜ್ಜೋದು ಅಂದ್ರೆ ಗೀರು ಹಾಕೋದು

ಹಳೇ ಮಂಚದ ತಲೆಕಡೆ ಹಲಗೇನ ಸ್ಯಾಂಡ್ ಪೇಪರಲ್ಲಿ ಒಂದಿಡೀ ದಿನ ಉಜ್ಜಿದ್ದೆ, ಕೈ ಸವರಿದ್ರೆ ರೇಷ್ಮೆ ಮುಟ್ಟಿದಂಗಿತ್ತು, ಇನ್ನೇನು ಆಯ್ತಲ್ಲ ಅಂತ ಕಂದು ಸ್ಟೇನ್, ಅಂದ್ರೆ ಮರದೊಳಗೆ ಇಳಿಯೋ ತೆಳು ಬಣ್ಣ, ಹಚ್ಚಿದೆ, ಹತ್ತು ನಿಮಿಷಕ್ಕೆ ಹಲಗೆ ತುಂಬಾ ಅಡ್ಡಡ್ಡ ಕಪ್ಪು ಗೀರುಗಳು ಎದ್ದು ಬಂದ್ವು. ಬೆರಳಿಗೆ ಸಿಗದೇ ಇದ್ದ ಗೀರು ಬಣ್ಣಕ್ಕೆ ಹೆಂಗೆ ಸಿಕ್ತು?

ಉಜ್ಜಿದ್ರೆ ಗೀರು ಹೋಗುತ್ತೆ ಅಂತ ನಾವು ಅಂದ್ಕೋತೀವಿ, ಆದ್ರೆ ಸ್ಯಾಂಡ್ ಪೇಪರ್ ಮಾಡೋದೇ ಗೀರು ಹಾಕೋ ಕೆಲಸ. ಅದರ ಮೇಲೆ ಈಗ ಮರಳೇನೂ ಇರಲ್ಲ, ಹೆಚ್ಚಾಗಿ ಇರೋದು ಅಲ್ಯೂಮಿನಿಯಂ ಆಕ್ಸೈಡ್ ಹರಳು, ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10 ಆದ್ರೆ ಇದು 9. ಒಂದೊಂದು ಹರಳೂ ಒಂದೊಂದು ಪುಟ್ಟ ಉಳಿ ಇದ್ದಂಗೆ. ಪೇಪರ್ ಹಿಂದೆ ಬರೆದಿರೋ ನಂಬರ್ ಜಾಸ್ತಿ ಆದಷ್ಟೂ ಹರಳು ಸಣ್ಣದು: 80 ನಂಬರಲ್ಲಿ ಸುಮಾರು 200 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್), 120ರಲ್ಲಿ 125ರ ಆಸುಪಾಸು, 220ರಲ್ಲಿ 70 ಮೈಕ್ರಾನ್, ಅಂದ್ರೆ ಹೆಚ್ಚುಕಮ್ಮಿ ಒಂದು ತಲೆಗೂದಲಿನ ದಪ್ಪ. ನಾವು ಮಾಡೋದಿಷ್ಟೇ, ದೊಡ್ಡ ಗೀರನ್ನ ಸಣ್ಣ ಗೀರಿಂದ ಅಳಿಸ್ತಾ ಹೋಗೋದು.

ನಾನು 80 ಆದ್ಮೇಲೆ ಸೀದಾ 220ಕ್ಕೆ ಹಾರಿದ್ದೆ. ಆ ಸಣ್ಣ ಹರಳುಗಳು 80 ಹಾಕಿದ ಗೀರುಗಳ ನಡುವಿನ ದಿಬ್ಬದ ತಲೆ ಮಾತ್ರ ಸವೆಸಿದ್ವು, ಗೀರಿನ ಹಳ್ಳ ಹಂಗೇ ಉಳೀತು. ಬೆರಳು ದಿಬ್ಬದ ಮೇಲೇ ಜಾರಿಹೋಗುತ್ತೆ, ಹಳ್ಳ ಅದಕ್ಕೆ ಗೊತ್ತೇ ಆಗಲ್ಲ, ಆದ್ರೆ ಸ್ಟೇನ್ ನೀರಿನ ಥರ, ಹಳ್ಳ ಹುಡುಕ್ಕೊಂಡು ಹೋಗಿ ಕೂರುತ್ತೆ. ಅದಕ್ಕೇ 80, 120, 180, 220 ಅಂತ ಮೆಟ್ಟಿಲು ಬಿಡದೆ ಇಳೀಬೇಕು.

ಇನ್ನು ಆ ಗೀರು ಅಡ್ಡಕ್ಕೇ ಯಾಕೆ ಎದ್ದು ಕಂಡಿದ್ದು ಅಂದ್ರೆ, ಮರ ಅನ್ನೋದು ಕಾಂಡದ ಉದ್ದಕ್ಕೂ ಜೋಡಿಸಿಟ್ಟ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಎಳೆ ಹೋಗೋ ದಿಕ್ಕಲ್ಲೇ ಉಜ್ಜಿದ್ರೆ ಗೀರು ಮರದ ಗೆರೆಗಳ ಮಧ್ಯೆ ಅಡಗಿಕೊಳ್ಳುತ್ತೆ, ಅಡ್ಡಕ್ಕೆ ಉಜ್ಜಿದ್ರೆ ಎಳೆಗಳು ಹರಿದು ತುದಿಗಳೆಲ್ಲ ಬಣ್ಣ ಕುಡಿಯುತ್ವೆ. ಹಲಗೆಯ ಕೊನೆಯ ಕತ್ತರಿಸಿದ ಮುಖದಲ್ಲಂತೂ ಕೊಳವೆಗಳೆಲ್ಲ ಬಾಯಿ ತೆರೆದುಕೊಂಡೇ ಇರ್ತವೆ, ಅಲ್ಲಿ ಇನ್ನೊಂದು ನಂಬರ್ ನುಣ್ಣಗೆ ಉಜ್ಜಿದ್ರೆ ಕಪ್ಪಾಗೋದು ಕಡಿಮೆ ಆಗುತ್ತೆ.

ಹಂಗಂತ 400, 600 ಅಂತ ಹೋಗ್ತಾನೇ ಇದ್ರೆ? ಬೇಡ. ತೀರಾ ನುಣುಪಾದ ಮರದಲ್ಲಿ ಸ್ಟೇನ್ ಹಿಡಿಯೋಕೆ ಜಾಗ ಇರಲ್ಲ, ಬಣ್ಣ ಪೇಲವ ಆಗುತ್ತೆ, ವಾರ್ನಿಷ್ ಹಾಕೋ ಪೀಠೋಪಕರಣಕ್ಕೆ 180 ಇಲ್ಲ 220 ಸಾಕು. ನೀರಲ್ಲಿ ಕರಗೋ ಪಾಲಿಶ್ ಹಾಕೋದಾದ್ರೆ ಇನ್ನೊಂದು ಕೆಲಸ ಇದೆ, ಒದ್ದೆ ಬಟ್ಟೆಯಲ್ಲಿ ಒಂದ್ಸಲ ಒರೆಸಿ ಒಣಗಿಸಿ. ಉಜ್ಜುವಾಗ ಅದುಮಿ ಮಲಗಿದ್ದ ಎಳೆಗಳು ನೀರು ಕುಡಿದು ಉಬ್ಬಿ ಎದ್ದು ನಿಲ್ತವೆ, ಕೈಗೆ ಚುಚ್ಚುತ್ತೆ. ಅವನ್ನ 220ರಲ್ಲಿ ಹಗುರಾಗಿ ಸವರಿ ತೆಗೆದ್ರೆ ಪಾಲಿಶ್ ಹಾಕಿದಾಗ ಮತ್ತೆ ಅಷ್ಟಾಗಿ ಏಳಲ್ಲ.

ಬೀರು, ಡ್ರಾಯರ್‌ಗಳ ಮೇಲ್ಮೈ ಎಷ್ಟೋ ಸಲ ಗಟ್ಟಿ ಮರ ಆಗಿರಲ್ಲ, ವೆನೀರ್ ಆಗಿರುತ್ತೆ, ಅಂದ್ರೆ ಬೇರೆ ಹಲಗೆ ಮೇಲೆ ಅಂಟಿಸಿದ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಮರದ ಹಾಳೆ. ಅಂಚಲ್ಲಿ ಪದರ ಕಾಣುತ್ತಾ ನೋಡಿ. ಕಂಡ್ರೆ ಉಜ್ಜೋ ಮಷೀನ್ ಬದಿಗಿಟ್ಟು, ಪೆನ್ಸಿಲಲ್ಲಿ ಹಗುರಾಗಿ ಗೀಚಿ, ಗೀಚಿದ್ದು ಅಳಿಸೋವರೆಗೆ ಮಾತ್ರ ಕೈಯಲ್ಲಿ ಉಜ್ಜಿ ನಿಲ್ಲಿಸಿ, ಒಮ್ಮೆ ತೂತಾದ ವೆನೀರ್ ವಾಪಸ್ ಬರಲ್ಲ.

ಧೂಳಿನ ವಿಷಯ ಮಾತ್ರ ದಯವಿಟ್ಟು ಹಗುರಾಗಿ ತಗೋಬೇಡಿ. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರ ವರದಿಯಲ್ಲೇ ಹೇಳಿದೆ, ಅದು ವರ್ಷಗಟ್ಟಲೆ ಅದೇ ಕೆಲಸ ಮಾಡಿದವರನ್ನ ನೋಡಿ ಹೇಳಿದ್ದು ನಿಜ, ಆದ್ರೂ ಮಲಗೋ ಕೋಣೆಯಲ್ಲೇ ಉಜ್ಜಿದ್ರೆ ಆ ಧೂಳು ಹಾಸಿಗೆ ಪರದೆ ಎಲ್ಲದರಲ್ಲೂ ಕೂತು ವಾರಗಟ್ಟಲೆ ನಮ್ಮ ಉಸಿರಿಗೆ ಬರುತ್ತೆ. ಹೊರಗೆ ತಂದು ಎನ್95 ಮಾಸ್ಕ್ ಹಾಕ್ಕೊಂಡು ಉಜ್ಜಿ. ತೀರಾ ಹಳೇ ಪೇಂಟ್ ಆಗಿದ್ರೆ ಅದ್ರಲ್ಲಿ ಸೀಸ ಇರಬಹುದು, ಸೀಸದ ಧೂಳು ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತೆ, ಟೆಸ್ಟ್ ಮಾಡಿಸದೆ ಒಣಗಿದ್ದನ್ನ ಹಂಗೇ ಉಜ್ಜಲೇಬೇಡಿ.

ನನ್ನ ಹಲಗೇನ ಕೊನೆಗೆ 80ರಿಂದಲೇ ಶುರು ಮಾಡಿ ಮತ್ತೆ ಉಜ್ಜಿದೆ. ಈ ಸಲ ಪ್ರತಿ ನಂಬರ್ ಮುಗಿದ ಮೇಲೂ ಲೈಟ್ ಆರಿಸಿ ಟಾರ್ಚನ್ನ ಹಲಗೆ ಮೇಲೇ ಮಲಗಿಸಿ ಬೆಳಕು ಓರೆಯಾಗಿ ಹಾಯಿಸಿ ನೋಡ್ತಿದ್ದೆ, ಮೇಲಿಂದ ಬೆಳಕು ಬಿಟ್ರೆ ಕಾಣದ ಗೀರು ಹಂಗೆ ಹಾಯಿಸಿದಾಗ ಉದ್ದ ನೆರಳು ಬಿಡುತ್ತೆ, ಮೂಲೆಯಲ್ಲಿ ಇನ್ನೂ ಎರಡು ಉಳಿದಿದ್ದು ಸ್ಟೇನ್ ಹಚ್ಚೋಕೆ ಮೊದಲೇ ಸಿಕ್ಕಿದ್ವು.